ಟಿ. ಎಸ್. ಸತ್ಯನ್: ಕ್ಯಾಮೆರಾದ ಹಿಂದಿನ ಅಂತಃಕರಣ

ಛಾಯಾಚಿತ್ರವು ಕಲೆಯೋ, ಕೇವಲ ಯಂತ್ರದ ಕೆಲಸವೋ ಎಂಬ ಪ್ರಶ್ನೆ ಹಳೆಯದು. ಯಂತ್ರವು ಎದುರಿಗಿದ್ದುದನ್ನೆಲ್ಲ ಹಿಡಿಯಬಲ್ಲದು. ಆದರೆ ಯಾವುದನ್ನು ನೋಡಬೇಕು, ಯಾವ ಕ್ಷಣದಲ್ಲಿ ನೋಡಬೇಕು ಎಂಬುದನ್ನು ಅರಿಯದು. ಆ ಅರಿವೇ ಕಲೆ. ಇದಕ್ಕೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳೇ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

1923ರಲ್ಲಿ ಮೈಸೂರಿನಲ್ಲಿ ಜನಿಸಿದ ಸತ್ಯನ್, ಮಹಾರಾಜ ಕಾಲೇಜಿನಲ್ಲಿ ಓದಿ, 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಛಾಯಾಗ್ರಾಹಕರಾದರು. ಅಂದು ಜನಸಾಮಾನ್ಯರಿಗೆ ಛಾಯಾಚಿತ್ರವೆಂದರೆ ಸ್ಟುಡಿಯೋದ ಪರದೆ, ಕುರ್ಚಿ, ಉಸಿರು ಬಿಗಿಹಿಡಿದ ಮುಖ. ಪತ್ರಿಕೆಗಳಿಗೋ ಸಭೆ, ಹಾರ, ಭಾಷಣಗಳೇ ವಸ್ತು. ಸತ್ಯನ್ ಬೀದಿಗಿಳಿದು, ದುಡಿಯುವವರನ್ನೂ ಆಡುವ ಮಕ್ಕಳನ್ನೂ ಅವರವರ ಪಾಡಿಗೆ ಬಿಟ್ಟು ನೋಡಿದರು. ಫ್ರಾನ್ಸಿನ ಕಾರ್ಟಿಯೇ ಬ್ರೆಸೋನ್ ಮೊದಲಾದವರು ತೆರೆದ ಆಧುನಿಕ ಮಾರ್ಗವೂ ಇದೇ.

ಮುಂದೆ ‘ಇಲ್ಲಸ್ಟ್ರೇಟೆಡ್ ವೀಕ್ಲಿ’, ‘ಲೈಫ್’, ‘ಟೈಮ್’ ಪತ್ರಿಕೆಗಳು ಅವರ ಚಿತ್ರಗಳನ್ನು ಪ್ರಕಟಿಸಿದವು. ಆದರೆ ಅವರ ಕಲೆ ಪಕ್ವವಾದುದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಾಗಿ ಹಳ್ಳಿಗಳನ್ನು ಸುತ್ತಿದಾಗ. ಸಿಡುಬಿನ ವಿರುದ್ಧದ ಹೋರಾಟವನ್ನು ಅವರು ಚಿತ್ರಿಸಿದರು. 1975ರಲ್ಲಿ ಆ ರೋಗ ಭಾರತದಿಂದ ತೊಲಗಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ವಾರ್ತೆಯನ್ನು ಅರಸಿ ಹೊರಟ ಕಣ್ಣು ಮನುಷ್ಯನನ್ನು ಕಂಡುಕೊಂಡ ಬೆಳವಣಿಗೆಯಿದು.

ಒಂದು ಆಕ್ಷೇಪಣೆಯನ್ನು ನಾವು ಮರೆಮಾಚಲಾರೆವು. ಬಡಮಕ್ಕಳ ನಗುವನ್ನೇ ತೋರಿದರೆ ಅವರ ಹಸಿವು ನಮಗೆ ಸಹ್ಯವಾಗಿಬಿಡದೇ? ಕೆಲವೆಡೆ ಅವರ ಮಾರ್ದವತೆ ಈ ಅಪಾಯದ ಅಂಚಿಗೆ ಬರುತ್ತದೆ. ಆದರೂ ಕೇವಲ ದೈನ್ಯವನ್ನು ತೋರುವ ಚಿತ್ರವು ಮಗುವಿನ ವ್ಯಕ್ತಿತ್ವವನ್ನೇ ಕಸಿಯುತ್ತದೆ. ಸತ್ಯನ್ ಅದನ್ನು ಕಸಿಯಲಿಲ್ಲ.

ಈ ಮಾತು ನಮ್ಮ ಚೇಕಾಡಿಗೆ ದೂರದ್ದಲ್ಲ. ಕಾಡು, ಕಬಿನಿಗಳ ನಡುವಿನ ಈ ಊರಿನ ಗದ್ದೆಗಳನ್ನು ನೋಡಬಂದವರು ಅಡಿಯ, ಕಾಟ್ಟುನಾಯ್ಕ ಮಕ್ಕಳತ್ತಲೂ ಮೊಬೈಲ್ ಎತ್ತುತ್ತಾರೆ. ಹೆಸರನ್ನೂ ಕೇಳದೆ ಹೋಗುತ್ತಾರೆ. ಅವರನ್ನು ಹಳಿಯುವ ಮೊದಲು ನಾವು ಅಧ್ಯಾಪಕರೂ ಆತ್ಮಶೋಧನೆ ಮಾಡಿಕೊಳ್ಳಬೇಕು. ಶಾಲೆಯ ಗುಂಪುಚಿತ್ರಕ್ಕೆ ಮಕ್ಕಳನ್ನು ಕೈಕಟ್ಟಿ ನಿಲ್ಲಿಸಿ, ಅಂಗಿ ಹರಿದವನನ್ನು ಹಿಂದಿನ ಸಾಲಿಗೆ ಸರಿಸಿದವರು ನಾವೂ ಅಲ್ಲವೇ?

2009ರಲ್ಲಿ ಸತ್ಯನ್ ನಿಧನರಾದರು. ಅವರ ಆತ್ಮಕಥನದ ಹೆಸರು ‘ಕಾಲಕ್ಕೆ ಕನ್ನಡಿ’. ಆ ಕನ್ನಡಿಯ ಮುಂದೆ ಯಾವ ಮಗುವೂ ಹಿಂದಿನ ಸಾಲಿಗೆ ಸರಿಯಬೇಕಾಗಿರಲಿಲ್ಲ. ವಿದ್ಯಾರ್ಥಿಗಳು ಅವರ ಚಿತ್ರಗಳಿಂದ ನೋಡುವುದನ್ನು ಕಲಿಯಲಿ. ಅಧ್ಯಾಪಕರಾದ ನಾವೂ ಕಲಿಯೋಣ.