32 ಬಿಟ್‌ಗಳ ಬಡಾಯಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರ ಬಳಗದಲ್ಲಿ ‘32 ಬಿಟ್ ಫ್ಲೋಟ್’ ಎಂಬ ರೆಕಾರ್ಡಿಂಗ್ ನಮೂನೆಗೆ ಈಗ ಸಿಗುತ್ತಿರುವ ಮರ್ಯಾದೆ ಹಾಡುವವರಿಗೂ ಸಿಗುತ್ತಿಲ್ಲ. ರೆಕಾರ್ಡಿಂಗ್ ಸರಿ ಬಂದಿಲ್ಲ ಎಂದು ಹೇಳಿ ನೋಡಿ, ‘ಎಷ್ಟು ಬಿಟ್‌ನಲ್ಲಿ ಮಾಡಿದಿರಿ?’ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಮೈಕ್ ಎಲ್ಲಿತ್ತು, ಫ್ಯಾನ್ ತಿರುಗುತ್ತಿತ್ತೇ, ಗೇನ್ ಎಷ್ಟಿತ್ತು ಎಂದು ವಿಚಾರಿಸುವವರು ಅಪರೂಪ. ಈ ಕೀರ್ತಿ ಊದಿ ಉಬ್ಬಿಸಿದ್ದು ಎಂಬ ತೀರ್ಮಾನಕ್ಕೆ ನಾನು ಬಂದು ಬಹಳ ಕಾಲವಾಯಿತು. ಇಲ್ಲಿ ಅದಕ್ಕೆ ಕಾರಣ ಕೊಡುತ್ತೇನೆ, ಅಷ್ಟೇ.

ಈ ಕೀರ್ತಿಯನ್ನು ಪರೀಕ್ಷಿಸಲು ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ಗಿಂತ ತಕ್ಕ ಜಾಗವಿಲ್ಲ. ಬಂದರಿನ ಕೆಲಸ, ಕಟ್ಟಡದ ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದವರು ನೆಲೆನಿಂತ ಗುಡ್ಡ ಅದು. ಹೊರಗಿನವರಿಗೆ ಆ ಹೆಸರು ಗೊತ್ತಾದದ್ದು 2020ರ ಜೂನ್‌ನಲ್ಲಿ, ಕೋವಿಡ್ ಕಂಟೈನ್‌ಮೆಂಟ್ ವಲಯವೆಂದು ಇಡೀ ಗುಡ್ಡವನ್ನು ಮುಚ್ಚಿದಾಗ. ಮನೆಗೆ ಮನೆ ಅಂಟಿಕೊಂಡಿದೆ. ಒಂದು ಮನೆಯ ಕುಕ್ಕರ್ ಕೂಗಿದರೆ ಮೂರು ಮನೆಗಳಲ್ಲಿ ಬೇಳೆ ಬೆಂದಂತೆ ಕೇಳುತ್ತದೆ. ದಾಬೋಳಿ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಅದು ನೌಕಾಪಡೆಯ ಐಎನ್‌ಎಸ್ ಹನ್ಸ ನೆಲೆಯೂ ಆದ್ದರಿಂದ ಪ್ರಯಾಣಿಕರ ವಿಮಾನಗಳ ಜೊತೆಗೆ ಯುದ್ಧವಿಮಾನಗಳ ಸದ್ದೂ ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ತಗಡಿನ ಮೇಲೆ ಬೀಳುವ ಮಳೆಯದೇ ಆಳ್ವಿಕೆ.

ಅಲ್ಲಿನ ಒಂದು ಮನೆಯಲ್ಲಿ ಭಜನೆಯವರು ಮಾಡಿಕೊಂಡ ತತ್ವಪದದ ರೆಕಾರ್ಡಿಂಗ್ ನನ್ನ ಕೈಗೆ ಬಂತು. ಮೊಬೈಲ್‌ನಲ್ಲಿ ಮಾಡಿದ್ದಲ್ಲ. ಯುಎಸ್‌ಬಿ ಇಂಟರ್‌ಫೇಸ್, ಕಂಡೆನ್ಸರ್ ಮೈಕ್, ಆಡಾಸಿಟಿ ಸಾಫ್ಟ್‌ವೇರ್ ಎಲ್ಲವೂ ಇದ್ದವು. ಫೈಲ್‌ನ ಹೆಸರಿನಲ್ಲೇ ‘32 ಫ್ಲೋಟ್’ ಎಂದು ಬಿರುದಿನಂತೆ ಬರೆದಿತ್ತು. ಹಾಡಿನ ಬಗ್ಗೆ ನನ್ನ ತಕರಾರಿಲ್ಲ. ಮುಂದಾಳಿನ ದನಿ ಗಟ್ಟಿಮುಟ್ಟಾಗಿದೆ, ಹಾರ್ಮೋನಿಯಂ ನುಡಿಸುವವರು ಎಲ್ಲಿ ಸುಮ್ಮನಿರಬೇಕೆಂದು ಬಲ್ಲವರು. ತೊಂದರೆ ಎರಡನೆಯ ನುಡಿಯಲ್ಲಿದೆ. ಮೇಳದವರೆಲ್ಲ ಒಮ್ಮೆಲೇ ಪಲ್ಲವಿ ಎತ್ತಿಕೊಂಡು ತಾಳ ಜೋರಾದ ಕೂಡಲೇ ದನಿ ಒಡೆಯುತ್ತದೆ. ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಅಲೆಯ ನೆತ್ತಿಗಳು ಕೊಡಲಿಯಿಂದ ಕಡಿದಂತೆ ಚಪ್ಪಟೆ. ‘ಫ್ಲೋಟ್ ಅಲ್ಲವೇ, ನೆತ್ತಿ ದಾಟಿದ್ದೂ ಉಳಿದಿರುತ್ತದೆ, ಕೆಳಗಿಳಿಸಿದರೆ ಸರಿಹೋಗುತ್ತದೆ’ ಎಂದು ಜೊತೆಯಲ್ಲಿದ್ದವರು ಧೈರ್ಯ ಹೇಳಿದರು. 10 ಡಿಬಿ ಇಳಿಸಿದೆವು. ಚಪ್ಪಟೆ ನೆತ್ತಿ ಚಪ್ಪಟೆಯಾಗಿಯೇ 10 ಡಿಬಿ ಕೆಳಗೆ ಬಂತು.

ಈ ಒಂದು ಜಾಗದಲ್ಲಿ ನಿಂತು ನೋಡಬೇಕು, ಏಕೆಂದರೆ ಇಡೀ ಬಡಾಯಿಯ ಗುಟ್ಟು ಇಲ್ಲೇ ಇದೆ. ದನಿ ಅಂಕಿಯಾಗುವುದು ಇಂಟರ್‌ಫೇಸ್‌ನೊಳಗಿನ ಪರಿವರ್ತಕದಲ್ಲಿ. ಮನೆಬಳಕೆಯ ಬಹುಪಾಲು ಇಂಟರ್‌ಫೇಸ್‌ಗಳಲ್ಲಿ ಅದು 24 ಬಿಟ್‌ನದು. ಅದರ ನೆತ್ತಿ ದಾಟಿದ ದನಿ ಅಲ್ಲೇ ಸತ್ತಿತು. ಕಂಪ್ಯೂಟರ್ ಅದನ್ನು 32 ಬಿಟ್ ಫೈಲ್‌ನಲ್ಲಿ ಬರೆದುಕೊಂಡರೆ ಡಬ್ಬಿ ದೊಡ್ಡದಾಯಿತೇ ಹೊರತು ಒಳಗಿನ ಸಾಮಾನು ಹೆಚ್ಚಲಿಲ್ಲ. ಆಡಾಸಿಟಿ ಮೊದಲಿನಿಂದಲೂ 32 ಬಿಟ್ ಫ್ಲೋಟ್ ಅನ್ನೇ ಹಿಡಿದುಕೊಂಡು ಕೂತಿರುತ್ತದೆ, ನೀವು ಆರಿಸಬೇಕಾದ್ದೇನೂ ಇಲ್ಲ. ಡ್ರೈವರ್ ಕೊಡುತ್ತಿರುವುದು ಬರೀ 16 ಬಿಟ್ ಆಗಿದ್ದರೂ ಟ್ರ್ಯಾಕ್‌ನ ಪಕ್ಕದಲ್ಲಿ 32 ಎಂದೇ ಕಾಣುತ್ತದೆ. ಆ ಅಂಕಿ ನೋಡಿ ಮೀಸೆ ತಿರುವಿದವರು ಬಹಳ ಮಂದಿ.

ನಿಜವಾದ ಫ್ಲೋಟ್ ಯಂತ್ರಗಳೂ ಇವೆ, ಇಲ್ಲವೆನ್ನುವುದಿಲ್ಲ. ಜೂಮ್ ಕಂಪನಿಯ ಎಫ್6 ಬಂದದ್ದು 2019ರಲ್ಲಿ. ಅದರೊಳಗೆ ಪ್ರತಿ ಮೈಕ್‌ಗೆ ಎರಡು ಪರಿವರ್ತಕಗಳಿವೆ, ಒಂದು ಮೆಲ್ಲಗಿನ ದನಿಗೆ, ಇನ್ನೊಂದು ಜೋರಿನದಕ್ಕೆ. ಎರಡನ್ನೂ ಹೊಲಿದು ಒಂದು ಫ್ಲೋಟ್ ಫೈಲ್ ಮಾಡುತ್ತದೆ. ಇದು ಜಾಣ ಕೆಲಸವೇ. ಆದರೆ ಇದರ ಜೊತೆಗೆ ಹೇಳುವ ‘1500 ಡಿಬಿಗೂ ಮೀರಿದ ವ್ಯಾಪ್ತಿ’ ಎಂಬ ಮಾತು ಕೇಳಿದಾಗ ನಗು ಬರುತ್ತದೆ. ಲೆಕ್ಕ ತಪ್ಪಲ್ಲ, ಫ್ಲೋಟ್ ಸಂಖ್ಯೆಯೊಳಗಿನ 8 ಬಿಟ್‌ನ ಘಾತಕ್ಕೆ ಅಷ್ಟು ಬರುತ್ತದೆ. ಆದರೆ ಭೂಮಿಯ ಗಾಳಿಯಲ್ಲಿ ಶಬ್ದದ ಅಲೆ ಅಲೆಯಾಗಿ ಉಳಿಯುವುದು ಸುಮಾರು 194 ಡಿಬಿಯ ತನಕ ಮಾತ್ರ. ಅದರಾಚೆ ಅಲೆಯ ತಗ್ಗಿನಲ್ಲಿ ಗಾಳಿಯೇ ಉಳಿಯುವುದಿಲ್ಲ. ಯಾವುದೇ ಕ್ಷಣದಲ್ಲಿ ಆ ಫ್ಲೋಟ್ ಸಂಖ್ಯೆಯ ನಿಖರತೆಯೂ ಸುಮಾರು 24 ಬಿಟ್‌ನಷ್ಟೇ. ಮೈಕ್‌ನ ತೆಳುಪೊರೆಯೇ ಒದರಿದರೆ, ‘ಪ’ಕಾರದ ಗಾಳಿ ಬಡಿದು ದನಿ ಕೆಟ್ಟರೆ ಫ್ಲೋಟ್ ಕೈಚೆಲ್ಲಿ ಕೂರುತ್ತದೆ.

ಈಗ ಆ ಮನೆಯ ಲೆಕ್ಕ ನೋಡೋಣ. ಫ್ಯಾನ್ ಹಾಕಿದ ಕೋಣೆಯ ಗದ್ದಲ 45 ಡಿಬಿ ಎಂದಿಟ್ಟುಕೊಳ್ಳಿ. ಮೈಕ್‌ನ ಮುಂದೆ ಜೋರಾಗಿ ಹಾಡಿದರೆ 100. ನಡುವಿನ ಅಂತರ 55 ಡಿಬಿ. ಬಿಟ್ ಒಂದಕ್ಕೆ ಸುಮಾರು 6 ಡಿಬಿಯಂತೆ 16 ಬಿಟ್ ಕೊಡುವುದು 96. ನೆತ್ತಿಯ ಮೇಲೆ 18 ಡಿಬಿ ಖಾಲಿ ಬಿಟ್ಟರೂ ಕೋಣೆಯ ಗದ್ದಲ 16 ಬಿಟ್‌ನ ಸ್ವಂತ ಗದ್ದಲಕ್ಕಿಂತ 20 ಡಿಬಿಗೂ ಮೇಲಿರುತ್ತದೆ. ಅಂದರೆ ಬಿಟ್‌ನ ಬಾವಿಯ ತಳ ಕಾಣುವ ಮೊದಲೇ ಫ್ಯಾನ್ ಕೇಳುತ್ತದೆ, ಪಕ್ಕದ ಮನೆಯ ಮಿಕ್ಸಿ ಕೇಳುತ್ತದೆ. ಇಂಥಲ್ಲಿ 32 ಬಿಟ್ ಎಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಇಷ್ಟು ಹೇಳಿದ ಕೂಡಲೇ ಎರಡು ಪಂಗಡದವರು ಎದ್ದು ನಿಲ್ಲುತ್ತಾರೆ.

ಮೊದಲನೆಯವರು ಸಂಗೀತದ ಸೂಕ್ಷ್ಮದ ಹೆಸರಿನಲ್ಲಿ ಮಾತಾಡುವವರು. 16 ಬಿಟ್‌ನಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ, ತಂಬೂರಿಯ ಜೀವಾಳ ಸಾಯುತ್ತದೆ ಎಂದು ಇವರ ವಾದ. ಜಾಹೀರಾತಿನ ಚಿತ್ರಗಳು ಅಲೆಗೆ ಬರೆಯುವ ಮೆಟ್ಟಿಲುಗಳನ್ನು ಇವರು ಕಿವಿಯಿಂದ ಕೇಳುತ್ತಾರೆ! ಹೊರಗೆ ಬರುವ ಅಲೆಯಲ್ಲಿ ಮೆಟ್ಟಿಲಿಲ್ಲ, ಪುನರ್‌ರಚನೆಯ ಫಿಲ್ಟರ್ ಅದನ್ನು ನುಣುಪಾಗಿಸಿಯೇ ಕಳಿಸುತ್ತದೆ. ಡಿದರ್, ಅಂದರೆ ಬಿಟ್ ಇಳಿಸುವಾಗ ಬೆರೆಸುವ ಅತಿ ಸಣ್ಣ ಗದ್ದಲ, ಸರಿಯಾಗಿ ಹಾಕಿದ್ದರೆ ಬಿಟ್‌ನ ಸಂಖ್ಯೆ ತೀರ್ಮಾನಿಸುವುದು ತಳದ ಗದ್ದಲ ಎಷ್ಟು ಕೆಳಗಿರಬೇಕೆಂಬುದನ್ನು ಮಾತ್ರ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ 78 ಆರ್‌ಪಿಎಂ ತಟ್ಟೆಗಳ ವ್ಯಾಪ್ತಿ 40 ಡಿಬಿ ದಾಟುವುದೇ ಕಷ್ಟ, ಲೆಕ್ಕಕ್ಕೆ 7 ಬಿಟ್ ಆದೀತು. ಅವರ ಮೀಂಡ್‌ನಲ್ಲಿ ಮೆಟ್ಟಿಲು ಕಂಡವರಿದ್ದರೆ ಕೈ ಎತ್ತಲಿ.

ಎರಡನೆಯವರ ಜೊತೆ ನನ್ನ ಜಗಳ ಹೆಚ್ಚು, ಏಕೆಂದರೆ ಅವರು ಅರ್ಧ ಸರಿ. ‘16 ಸಾಕು, ಉಳಿದದ್ದೆಲ್ಲ ಮೋಸ’ ಎನ್ನುವ ಇವರ ಬತ್ತಳಿಕೆಯಲ್ಲಿ 2007ರ ಒಂದು ಬಾಣವಿದೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಹೈ-ರೆಸಲ್ಯೂಶನ್ ತಟ್ಟೆಗಳ ದನಿಯ ದಾರಿಯಲ್ಲಿ ಗುಟ್ಟಾಗಿ ಸಿಡಿ ಗುಣಮಟ್ಟದ 16 ಬಿಟ್ ಕೊಂಡಿ ಹಾಕಿ, ಕೇಳುಗರಿಗೆ ವ್ಯತ್ಯಾಸ ಗುರುತಿಸಲು ಹೇಳಿದರು. 554 ಬಾರಿಯಲ್ಲಿ ಸರಿ ಉತ್ತರ ಬಂದದ್ದು 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆ ತಟ್ಟೆಗಳಲ್ಲಿ ಕೆಲವು ಹಳೆಯ ಮೂಲಗಳಿಂದ ಮಾಡಿದವು ಎಂದು ಆಮೇಲೆ ಆಕ್ಷೇಪ ಬಂತು. ಅದೂ ನ್ಯಾಯವೇ. ಅದನ್ನು ಬದಿಗಿಟ್ಟು ಫಲಿತಾಂಶ ಒಪ್ಪಿಕೊಂಡರೂ ಅದು ಹೇಳುವುದು ಮುಗಿದ ಹಾಡನ್ನು ಕೇಳುವುದರ ಬಗ್ಗೆ. ಹಾಡು ಹಿಡಿಯುವುದು ಬೇರೆ ಕೆಲಸ. ಹಿಡಿಯುವಾಗ ಮುಂದಿನ ಸಾಲು ಎಷ್ಟು ಜೋರಾಗುತ್ತದೆಂದು ಗೊತ್ತಿರುವುದಿಲ್ಲ, ಆದ್ದರಿಂದ ಮೇಲೆ ಜಾಗ ಬಿಡಬೇಕು. ಆಮೇಲೆ ಕಂಪ್ರೆಸರ್ ಹಾಕಿ ಮೆಲ್ಲಗಿನ ಸಾಲನ್ನು 15–20 ಡಿಬಿ ಎತ್ತುತ್ತೇವೆ, ತಳದ ಗದ್ದಲವೂ ಅದರ ಜೊತೆ ಎದ್ದು ಬರುತ್ತದೆ. 16 ಟ್ರ್ಯಾಕ್ ಒಂದರ ಮೇಲೊಂದು ಕೂಡಿಸಿದರೆ ಗದ್ದಲ 12 ಡಿಬಿ ಏರುತ್ತದೆ. ‘16 ಸಾಕು’ ಎಂದು ನಂಬಿದವರು ಏನು ಮಾಡುತ್ತಾರೆ? ಒಂದು ಬಿಟ್ಟೂ ವ್ಯರ್ಥವಾಗಬಾರದೆಂದು ಸೂಜಿಯನ್ನು ಕೆಂಪಿನ ಅಂಚಿಗೆ ತಳ್ಳುತ್ತಾರೆ. ಮಂಗೋರ್ ಹಿಲ್‌ನ ಆ ಎರಡನೆಯ ನುಡಿ ಒಡೆದದ್ದೂ ಇದೇ ಅಭ್ಯಾಸದಿಂದ. ಗೇನ್ ಗುಂಡಿ ನಿಂತದ್ದು 16ರ ಕಾಲದ ಕೈಚಳಕದಲ್ಲಿ, ಫೈಲ್‌ನ ಹೆಸರು ಮಾತ್ರ 32ರದು.

ಹಾಗಾಗಿ 24. ಅದರಲ್ಲಿ ಪವಾಡವಿಲ್ಲ. ಕಾಗದದ ಮೇಲೆ ಅದು 144 ಡಿಬಿ. ಮನೆಯ ಇಂಟರ್‌ಫೇಸ್ ನಿಜವಾಗಿ ಕೊಡುವುದು 110ರ ಆಸುಪಾಸು, ಅತ್ಯುತ್ತಮ ಪರಿವರ್ತಕಗಳೂ 21 ಬಿಟ್‌ನ ಆಚೆ ಹೋಗಲು ಏದುಸಿರು ಬಿಡುತ್ತವೆ. ಆದರೆ ಆ 110ರಲ್ಲಿ 18 ಡಿಬಿಯನ್ನು ನೆತ್ತಿಯ ಮೇಲೆ ಧಾರಾಳವಾಗಿ ಬಿಟ್ಟುಕೊಡಬಹುದು. 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕ್‌ನ ಒಂದು ನಿಮಿಷಕ್ಕೆ 16 ಬಿಟ್ ಆದರೆ 5.76 ಎಂಬಿ, 24 ಆದರೆ 8.64, 32 ಆದರೆ 11.52. ಮೊದಲ ಏರಿಕೆಗೆ ಪ್ರತಿಫಲವಿದೆ, ಎರಡನೆಯದಕ್ಕೆ ಈ ಕೋಣೆಯಲ್ಲಿ ಇಲ್ಲ. ಮುಗಿದ ಹಾಡನ್ನು 16ಕ್ಕೆ ಇಳಿಸುವಾಗ ಡಿದರ್ ಒಮ್ಮೆ ಮಾತ್ರ ಹಾಕಬೇಕು. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗೆಲ್ಲ 16ಕ್ಕೆ ಇಳಿಸಿ ಇಳಿಸಿ ಗದ್ದಲ ಪೇರಿಸುವ ರೂಢಿ ನಮ್ಮಲ್ಲಿ ಹೆಚ್ಚು, ಅದರ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಫ್ಲೋಟ್ ಯಂತ್ರಕ್ಕೆ ಮಾನ ಸಲ್ಲಬೇಕಾದ ಸಂದರ್ಭ ಒಂದಿದೆ. ವಾಸ್ಕೋದ ದಾಮೋದರ ಭಜನಾ ಸಪ್ತಾಹ ನಾಗರ ಪಂಚಮಿಯ ಮರುದಿನ ಶುರುವಾಗಿ 24 ಗಂಟೆ ಎಡೆಬಿಡದೆ ನಡೆಯುತ್ತದೆ. ಮೇಳದ ನಂತರ ಮೇಳ, ದನಿಯ ನಂತರ ದನಿ. ಗೇನ್ ಗುಂಡಿಯ ಮೇಲೆ ಕೈಯಿಟ್ಟು ಇಡೀ ದಿನ ಕೂರುವವರು ಯಾರು? ಅಂಥಲ್ಲಿ ಎರಡು ಪರಿವರ್ತಕದ ಯಂತ್ರ ಇಟ್ಟು ಬನ್ನಿ, ನಾನೂ ಶಹಬ್ಬಾಸ್ ಎನ್ನುತ್ತೇನೆ. ಸ್ಟೀರಿಯೊದಲ್ಲಿ 33 ಜಿಬಿ ಆಗುತ್ತದೆ, ಸಾದಾ ವೇವ್ ಫೈಲ್ 4 ಜಿಬಿಗೆ ಮುಗಿಯುವುದರಿಂದ ಸುಮಾರು 3 ಗಂಟೆಗೊಮ್ಮೆ ತುಂಡಾಗುತ್ತದೆ. ಅಷ್ಟು ತಿಳಿದಿದ್ದರೆ ಸಾಕು.

ಮನೆಯೊಳಗೆ ಹಾಡುವವರಿಗೆ ಅದು ಬೇಕಿಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು ಆ ಮೆನು ಮುಚ್ಚಿಬಿಡಿ. ಮೇಳದವರೆಲ್ಲ ಸೇರಿ ಎತ್ತುವ ಅತಿ ಜೋರಿನ ಪಲ್ಲವಿಯನ್ನು ಮೊದಲು ಹಾಡಿಸಿ, ತಾಳವೂ ಇರಲಿ. ಸೂಜಿ ಮೈನಸ್ 12ನ್ನು ದಾಟದಂತೆ ಗೇನ್ ಇಳಿಸಿ. ಫ್ಯಾನ್ ಆರಿಸಿ, ಊರಿನಿಂದ ತಂದ ಕೌದಿಗಳಿದ್ದರೆ ಹಾಡುವವರ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿ. ಹೊಸ ಇಂಟರ್‌ಫೇಸ್‌ಗೆಂದು ಎತ್ತಿಟ್ಟ ಹಣ ಹಾಗೇ ಇರಲಿ.