ಎರಡು ಪೆಟ್ಟಿಗೆ, ಒಂದೇ ತಂತಿ

ಒಂದು ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬ್ ಎಂದಿಟ್ಟುಕೊಳ್ಳೋಣ. ಇರುವ 24 ಪೋರ್ಟಿನ ಸ್ವಿಚ್ಚು ಹೆಚ್ಚುಕಮ್ಮಿ ತುಂಬಿದೆ. ಪಕ್ಕದ ಕೋಣೆಗೆ ಇನ್ನಿಪ್ಪತ್ತು ಕಂಪ್ಯೂಟರ್ ಬಂದಿವೆ, ಅವಕ್ಕೆಂದು ಅಂಥದ್ದೇ ಇನ್ನೊಂದು ಸ್ವಿಚ್ಚೂ ಬಂದಿದೆ. ಈ ಕೋಣೆಯ ಮಕ್ಕಳ ಫೈಲು ಆ ಕೋಣೆಯಲ್ಲಿ ತೆರೆಯಬೇಕು, ಆ ಕೋಣೆಯ ಪ್ರಿಂಟರು ಇಲ್ಲಿಗೂ ಸಿಗಬೇಕು. ಮಾಡಬೇಕಾದ್ದು ಇಷ್ಟೆ: ಒಂದು ಲ್ಯಾನ್ ಕೇಬಲ್ಲಿನ ಒಂದು ತುದಿ ಈ ಸ್ವಿಚ್ಚಿಗೆ, ಇನ್ನೊಂದು ತುದಿ ಆ ಸ್ವಿಚ್ಚಿಗೆ. ಮೊದಲನೆಯದರಲ್ಲಿ ರೂಟರಿಗೊಂದು, ಈ ತಂತಿಗೊಂದು ಪೋರ್ಟು ಹೋದರೆ 22 ಉಳಿಯುತ್ತವೆ, ಎರಡನೆಯದರಲ್ಲಿ 23. ಒಟ್ಟು 45 ಯಂತ್ರಗಳಿಗೆ ಜಾಗ.

ಜಾಲ ಕಟ್ಟುವ ಹವ್ಯಾಸ ಹಚ್ಚಿಕೊಂಡವರಿಗೆ ಈ ಒಂದು ತಂತಿಯ ಮೇಲೆ ಉಳಿದ 45ಕ್ಕಿಂತ ಹೆಚ್ಚಿನ ಮೋಹ. ಅದರ ಎರಡು ತುದಿಯಲ್ಲಿರುವ ಪೆಟ್ಟಿಗೆಗಳಿಗೆ ಪರಸ್ಪರ ಪರಿಚಯವೇ ಇರಬೇಕಾಗಿಲ್ಲ ಎಂಬುದು ಅದಕ್ಕೆ ಕಾರಣ. ಆಚೆ ಇರುವುದು ಇನ್ನೊಂದು ಸ್ವಿಚ್ಚು ಎಂದು ತಿಳಿಯದೆಯೇ ಎರಡೂ ಕೂಡಿ ಕೆಲಸ ಸಾಗಿಸುತ್ತವೆ. ಈ ವಿನ್ಯಾಸದ ಚೆಲುವು ಇರುವುದು ಆ ಅಪರಿಚಯದಲ್ಲಿ. ಅಪಾಯವೂ ಅಲ್ಲಿಂದಲೇ ಹುಟ್ಟುತ್ತದೆ.

ಹಿಂದೆ ಈ ತಂತಿ ಅಷ್ಟು ಸುಲಭವಾಗಿರಲಿಲ್ಲ. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆ, ನಾಲ್ಕು ಹೆಣೆದ ಜೋಡಿ. 10 ಮತ್ತು 100 ಮೆಗಾಬಿಟ್ ವೇಗದ ಕಾಲದಲ್ಲಿ ದುಡಿಯುತ್ತಿದ್ದುದು ಎರಡೇ ಜೋಡಿ. ಕಂಪ್ಯೂಟರು 1 ಮತ್ತು 2ನೇ ಪಿನ್ನಿನಲ್ಲಿ ಮಾತಾಡಿ 3 ಮತ್ತು 6ರಲ್ಲಿ ಕೇಳುತ್ತಿತ್ತು, ಸ್ವಿಚ್ಚಿನಲ್ಲಿ ಇದು ತಿರುಗುಮುರುಗು. ಹಾಗಾಗಿ ಕಂಪ್ಯೂಟರಿಗೂ ಸ್ವಿಚ್ಚಿಗೂ ನೇರ ಕೇಬಲ್ ಸಾಕಿತ್ತು. ಸ್ವಿಚ್ಚಿಗೆ ಸ್ವಿಚ್ಚು ಕಟ್ಟಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಎದುರಾಗುತ್ತಿದ್ದವು. ಅದಕ್ಕಾಗಿ ಕ್ರಾಸ್ ಕೇಬಲ್ ಬೇಕಿತ್ತು: ಒಂದು ತುದಿಯಲ್ಲಿ ಟಿ568ಎ ಕ್ರಮ, ಇನ್ನೊಂದರಲ್ಲಿ ಟಿ568ಬಿ ಕ್ರಮ, ಅಂದರೆ ಕಿತ್ತಳೆ ಜೋಡಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕಿತ್ತಳೆ. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ‘ಅಪ್‌ಲಿಂಕ್’ ಎಂದು ಬರೆದ ಒಂದು ಪೋರ್ಟಿದ್ದು, ಒಳಗೇ ಈ ಅದಲುಬದಲು ಮಾಡಿಕೊಡುತ್ತಿತ್ತು. ಜೋಳಿಗೆಯಲ್ಲಿ ಗುರುತು ಕಟ್ಟಿದ ಕ್ರಾಸ್ ಕೇಬಲ್ ಇಲ್ಲದೆ ಮನೆ ಬಿಡದ ಹಳಬರು ಈಗಲೂ ಇದ್ದಾರೆ.

ಆ ತೊಡಕನ್ನು ಬಿಡಿಸಿದವರು ಎಚ್‌ಪಿ ಕಂಪನಿಯ ಇಂಜಿನಿಯರುಗಳಾದ ಡೇನಿಯಲ್ ಡವ್ ಮತ್ತು ಬ್ರೂಸ್ ಮೆಲ್ವಿನ್. ಪೋರ್ಟು ತನ್ನ ಬಾಯಿ ಕಿವಿಗಳನ್ನು ತಾನೇ ಅದಲುಬದಲು ಮಾಡಿ ನೋಡುವ ಉಪಾಯ ಅವರದು. ಅದರಲ್ಲೊಂದು ಸೂಕ್ಷ್ಮವಿದೆ. ಇಕ್ಕಟ್ಟಿನ ಓಣಿಯಲ್ಲಿ ಎದುರುಬದುರಾದ ಇಬ್ಬರು ಒಟ್ಟಿಗೇ ಎಡಕ್ಕೆ, ಮತ್ತೆ ಒಟ್ಟಿಗೇ ಬಲಕ್ಕೆ ಸರಿಯುತ್ತಿದ್ದರೆ ದಾರಿಯೇ ಸಿಗದು. ಎರಡು ಪೋರ್ಟುಗಳಿಗೂ ಹಾಗೇ ಆಗಬಹುದು. ಆದ್ದರಿಂದ ಯಾವಾಗ ಬದಲಾಗಬೇಕು ಎಂಬುದನ್ನು ಯಾದೃಚ್ಛಿಕ ಸಂಖ್ಯೆಗೆ ಬಿಟ್ಟರು. ಬೇಗನೆ ಯಾರಾದರೊಬ್ಬರು ನಿಂತಲ್ಲೇ ನಿಂತಿರುತ್ತಾರೆ, ಕೊಂಡಿ ಕೂಡುತ್ತದೆ. ಈಗ ಕೊಳ್ಳುವ ಗಿಗಾಬಿಟ್ ಸ್ವಿಚ್ಚುಗಳಲ್ಲಿ ಇದು ಇದ್ದೇ ಇರುತ್ತದೆ ಎನ್ನಬಹುದು. ಯಾವ ಪೋರ್ಟಿನಿಂದ ಯಾವ ಪೋರ್ಟಿಗಾದರೂ ನೇರ ಕೇಬಲ್ ಹಾಕಿದರಾಯಿತು.

ಇನ್ನು ಒಳಗೆ ನಡೆಯುವ ಕೆಲಸ. ಮೊದಲ ಕೋಣೆಯಲ್ಲಿ 7ನೇ ಪೋರ್ಟಿಗೆ ಕಟ್ಟಿದ ಕಂಪ್ಯೂಟರಿನ ವಿಳಾಸ 192.168.1.25. ಎರಡನೇ ಕೋಣೆಯ ಪ್ರಿಂಟರು 192.168.1.80. ಕಂಪ್ಯೂಟರಿಗೆ ಪ್ರಿಂಟರಿನ ಐಪಿ ವಿಳಾಸ ಗೊತ್ತು. ಆದರೆ ತಂತಿಯ ಮೇಲೆ ನಡೆಯುವುದು 48 ಬಿಟ್ಟಿನ ಮ್ಯಾಕ್ ವಿಳಾಸ, ಅದು ಗೊತ್ತಿಲ್ಲ. ಅದಕ್ಕೇ ಡಂಗುರ ಸಾರುತ್ತದೆ: ‘192.168.1.80 ಯಾರು? ನಿಮ್ಮ ಮ್ಯಾಕ್ ವಿಳಾಸ ತಿಳಿಸಿ.’ ಮೊದಲ ಸ್ವಿಚ್ಚು ಈ ಡಂಗುರವನ್ನು ಹಾಯಿಸುವಾಗ ಕಳಿಸಿದವರ ವಿಳಾಸವನ್ನು ನೋಡಿ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ: ಈ ವಿಳಾಸದವರು 7ನೇ ಪೋರ್ಟಿನಲ್ಲಿದ್ದಾರೆ. ಆಮೇಲೆ ಉಳಿದ ಎಲ್ಲ ಪೋರ್ಟಿಗೂ ಅದನ್ನು ಬಿಡುತ್ತದೆ. ಅದರಲ್ಲೊಂದು 24ನೇ ಪೋರ್ಟು, ಪಕ್ಕದ ಕೋಣೆಯ ತಂತಿ. ಎರಡನೇ ಸ್ವಿಚ್ಚೂ ಅದೇ ಶಿಸ್ತಿನಲ್ಲಿ ಆ ವಿಳಾಸವನ್ನು ತನ್ನ 24ನೇ ಪೋರ್ಟಿನ ಮುಂದೆ ಬರೆದುಕೊಂಡು, ಡಂಗುರವನ್ನು ಮುಂದಕ್ಕೆ ಕಳಿಸುತ್ತದೆ. ಪ್ರಿಂಟರು ಉತ್ತರ ಕೊಡುತ್ತದೆ. ಈ ಉತ್ತರಕ್ಕೆ ಡಂಗುರ ಬೇಡ. ಎರಡನೇ ಸ್ವಿಚ್ಚು ಪಟ್ಟಿ ನೋಡಿ 24ಕ್ಕೆ ಮಾತ್ರ ಕಳಿಸುತ್ತದೆ, ಮೊದಲನೆಯದು 7ಕ್ಕೆ ಮಾತ್ರ. ದಾರಿಯಲ್ಲಿ ಮೊದಲ ಸ್ವಿಚ್ಚಿಗೆ ಪ್ರಿಂಟರಿನ ಠಿಕಾಣಿಯೂ ಸಿಕ್ಕಿತು. ಇನ್ನು ಅವೆರಡರ ಮಾತು ಬೇರೆ ಯಾರ ಕಿವಿಗೂ ಬೀಳದು.

ಬರುವ ಕಾಗದದ ‘ಇಂದ’ ನೋಡಿ ಊರು ಕಲಿಯುವ, ‘ಗೆ’ ನೋಡಿ ಹಂಚುವ ಹೊಸ ಅಂಚೆಯಣ್ಣನ ರೀತಿ ಇದು. ಯಾರೂ ಅವನ ಕೈಗೆ ಊರಿನ ನಕ್ಷೆ ಕೊಟ್ಟಿಲ್ಲ. ಸಾಮಾನ್ಯವಾಗಿ ಐದು ನಿಮಿಷ, ಅಂದರೆ 300 ಸೆಕೆಂಡು, ಒಬ್ಬರಿಂದ ಸದ್ದಿಲ್ಲದಿದ್ದರೆ ಅವರ ಹೆಸರನ್ನು ಪಟ್ಟಿಯಿಂದ ಅಳಿಸುತ್ತಾನೆ. ಪಕ್ಕದ ಕೋಣೆಯ ಎಲ್ಲ ಯಂತ್ರಗಳೂ ಮೊದಲ ಸ್ವಿಚ್ಚಿನ ಪಾಲಿಗೆ 24ನೇ ಪೋರ್ಟಿನಲ್ಲಿ ಕೂತ ವಿಳಾಸಗಳು, ಅಷ್ಟೆ. ನಡುವೆ ಇನ್ನೊಂದು ಪೆಟ್ಟಿಗೆ ಇದೆಯೆಂಬುದು ಅದರ ಲೆಕ್ಕಕ್ಕೇ ಬರುವುದಿಲ್ಲ.

ಹೀಗೆ ತಾನಾಗಿ ಕಲಿಯುತ್ತ ಎರಡು ಜಾಲಗಳನ್ನು ಬೆಸೆಯುವ ಬ್ರಿಡ್ಜ್ ಎಂಬ ಪೆಟ್ಟಿಗೆಯನ್ನು ರೂಪಿಸಿದ್ದು ಅಮೆರಿಕದ ಡಿಇಸಿ ಕಂಪನಿಯ ಮಾರ್ಕ್ ಕೆಂಫ್, 1980ರ ದಶಕದ ಮೊದಲ ವರ್ಷಗಳಲ್ಲಿ. ಆ ಬ್ರಿಡ್ಜಿನ ಬುದ್ಧಿಯನ್ನೇ ಹಲವು ಪೋರ್ಟುಗಳಿಗೆ ಹರಡಿ, ವೇಗ ಕೊಟ್ಟು, ‘ಸ್ವಿಚ್’ ಎಂಬ ಹೆಸರಿನಲ್ಲಿ ಪೇಟೆಗೆ ತಂದದ್ದು ಕಲ್ಪನಾ ಎಂಬ ಕಂಪನಿ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅದನ್ನು ಲ್ಯಾರಿ ಬ್ಲೇರ್ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದರು. ಹೆಂಡತಿಯ ಹೆಸರನ್ನೇ ಕಂಪನಿಗೆ ಇಟ್ಟರು. ಕನ್ನಡಿಗರಿಗೆ ಕಲ್ಪನಾ ಎಂದರೆ ‘ಶರಪಂಜರ’ದ ನಟಿ ನೆನಪಾಗುವುದು ಸಹಜ; ಜಾಲದ ಚರಿತ್ರೆಯಲ್ಲೂ ಆ ಹೆಸರಿಗೆ ಗಟ್ಟಿ ಜಾಗವಿದೆ. 1990ರಲ್ಲಿ ಬಂದ ಅವರ ಈಥರ್‌ಸ್ವಿಚ್ಚಿಗೆ ಏಳೇ ಪೋರ್ಟು. ತಂತಿಯ ಮೇಲೆ ಬರುವ ಮಾಹಿತಿಯ ಒಂದು ಕಂತು, ಅಂದರೆ ಫ್ರೇಮು, ಪೂರ್ತಿ ಬಂದು ತಲುಪುವ ತನಕ ಅದು ಕಾಯುತ್ತಿರಲಿಲ್ಲ. ಮೊದಲ ಆರು ಬೈಟಿನಲ್ಲಿರುವ ಗುರಿಯ ವಿಳಾಸ ಓದಿದ್ದೇ ಆಚೆ ಪೋರ್ಟಿಗೆ ಹರಿಸತೊಡಗುತ್ತಿತ್ತು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು.

ಲ್ಯಾಬಿಗೆ ಮರಳೋಣ. ಒಂದು ತಂತಿಯಿಂದ ಕೆಲಸ ಚೆನ್ನಾಗಿ ನಡೆಯುತ್ತಿದೆ. ಎರಡು ಹಾಕಿದರೆ ಇನ್ನೂ ಚೆನ್ನಲ್ಲವೆ? ಒಂದು ಕಿತ್ತರೂ ಇನ್ನೊಂದಿರುತ್ತದೆ ಎಂದು ಮೇಷ್ಟ್ರು ಯೋಚಿಸಿದರೆ ತಪ್ಪೇನಿಲ್ಲ. ಆದರೆ ಮಾಮೂಲಿ ಅಗ್ಗದ ಸ್ವಿಚ್ಚುಗಳ ನಡುವೆ ಎರಡನೇ ತಂತಿ ಕೂತ ಕ್ಷಣದಲ್ಲಿ ಜಾಲ ಮಲಗಿಬಿಡುತ್ತದೆ. ಡಂಗುರವೊಂದು ಮೊದಲ ತಂತಿಯಲ್ಲಿ ಆಚೆಗೆ ಹೋಗಿ ಎರಡನೆಯದರಲ್ಲಿ ಈಚೆಗೆ ಬರುತ್ತದೆ, ಮತ್ತೆ ಹೋಗುತ್ತದೆ. ಐಪಿ ಪ್ಯಾಕೆಟ್ಟಿಗೆ ಆಯುಸ್ಸಿನ ಲೆಕ್ಕವಿದೆ, ಪ್ರತಿ ರೂಟರಿನಲ್ಲೂ ಒಂದೊಂದು ಕಡಿಮೆಯಾಗಿ ಕೊನೆಗೆ ಅದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯುಸ್ಸು ಬರೆದಿಲ್ಲ. ಅತಿ ಚಿಕ್ಕ ಫ್ರೇಮು 64 ಬೈಟು. ಅಂಥವು ಗಿಗಾಬಿಟ್ ತಂತಿಯೊಂದರಲ್ಲಿ ಸೆಕೆಂಡಿಗೆ ಸುಮಾರು 14.88 ಲಕ್ಷ ಹಿಡಿಸುತ್ತವೆ. ಆ ತಂತಿ ತುಂಬುವವರೆಗೂ ಡಂಗುರ ಸುತ್ತುತ್ತದೆ. ಜೊತೆಗೆ ಒಂದೇ ವಿಳಾಸ ಒಮ್ಮೆ 23ನೇ ಪೋರ್ಟಿನಿಂದ, ಒಮ್ಮೆ 24ರಿಂದ ಬರುತ್ತಿರುವುದರಿಂದ ಅಂಚೆಯಣ್ಣನ ಪಟ್ಟಿಯೂ ಕಲಸಿಹೋಗುತ್ತದೆ. ಎಲ್ಲ ದೀಪಗಳೂ ಒಟ್ಟಿಗೆ, ಎಡೆಬಿಡದೆ ಮಿನುಗುವುದು ಇದರ ಲಕ್ಷಣ. ಒಮ್ಮೆ ಕಂಡವರು ಆ ಮಿನುಗನ್ನು ದೂರದಿಂದಲೇ ಗುರುತಿಸುತ್ತಾರೆ.

ಈ ಸುಳಿಗೆ ಮದ್ದು ಕಂಡುಹಿಡಿದವರು ಡಿಇಸಿಯಲ್ಲೇ ಇದ್ದ ರೇಡಿಯಾ ಪರ್ಲ್‌ಮನ್. ತಂತಿಗಳು ಎಷ್ಟೇ ಸುತ್ತುಬಳಸಾಗಿರಲಿ, ಪೆಟ್ಟಿಗೆಗಳು ಒಬ್ಬ ಯಜಮಾನನನ್ನು ಆರಿಸಿಕೊಂಡು, ಅವನಿಂದ ಮರದ ಕೊಂಬೆಯಂತೆ ಒಂದೊಂದೇ ದಾರಿ ಉಳಿಸಿಕೊಂಡು, ಮಿಕ್ಕ ತಂತಿಗಳನ್ನು ಸುಮ್ಮನಿರಿಸುವ ವಿಧಾನ ಅವರದು. ಹೆಸರು ಸ್ಪ್ಯಾನಿಂಗ್ ಟ್ರೀ. 1985ರಲ್ಲಿ ಅದನ್ನು ಪ್ರಕಟಿಸಿದ ಪ್ರಬಂಧಕ್ಕೆ ಸಾರಾಂಶವಾಗಿ ಅವರು ಒಂದು ಪದ್ಯವನ್ನೇ ಬರೆದರು, ಜಾಯ್ಸ್ ಕಿಲ್ಮರನ ಮರದ ಮೇಲಿನ ಪ್ರಸಿದ್ಧ ಕವಿತೆಯ ಧಾಟಿಯಲ್ಲಿ. ತಂತಿ ಎಣಿಸುವ ಶಾಸ್ತ್ರದಲ್ಲಿ ಅಷ್ಟು ಚಂದದ ಸಾರಾಂಶ ಇನ್ನೊಂದಿರಲಾರದು. 1990ರಲ್ಲಿ ಈ ವಿಧಾನ 802.1ಡಿ ಎಂಬ ಮಾನಕವಾಯಿತು.

ಹಳೆಯ ವಿಧಾನದಲ್ಲಿ ತಂತಿಯೊಂದನ್ನು ಸಿಕ್ಕಿಸಿದ ಮೇಲೆ ಪೋರ್ಟು 15 ಸೆಕೆಂಡು ಕೇಳಿ, 15 ಸೆಕೆಂಡು ಕಲಿತು, ಆಮೇಲೆ ದಾರಿ ಬಿಡುತ್ತಿತ್ತು. ದಾರಿಯೊಂದು ಕಡಿದರೆ ಬದಲಿ ದಾರಿ ತೆರೆಯಲು 50 ಸೆಕೆಂಡು ಹಿಡಿಯುವುದೂ ಇತ್ತು. 2001ರ ಹೊಸ ರೂಪದಲ್ಲಿ ಅದು ಬಹಳ ಬೇಗ ಮುಗಿಯುತ್ತದೆ. ಯಜಮಾನನ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಆದ್ಯತೆಯ ಅಂಕಿ ಚಿಕ್ಕದಾದವರು ಗೆಲ್ಲುತ್ತಾರೆ, ಆದರೆ ಎಲ್ಲರದೂ ಮೂಲದಲ್ಲಿ 32768. ಸಮವಾದರೆ ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವರೇ ಯಜಮಾನರು. ಚಿಕ್ಕ ಸಂಖ್ಯೆ ಹಲವು ಸಲ ಹಳೆಯ ಪೆಟ್ಟಿಗೆಯದ್ದಾಗಿರುತ್ತದೆ. ಹಾಗಾಗಿ ಮೂಲೆಯಲ್ಲಿ ಧೂಳು ತಿನ್ನುವ ನಿಧಾನದ ಸ್ವಿಚ್ಚೊಂದು ಇಡೀ ಜಾಲದ ನಡುಕಂಬವಾಗಿ ಕೂತಿರುವುದುಂಟು. ಒಳ್ಳೆಯ ಸ್ವಿಚ್ಚನ್ನು ಆರಿಸಿ ಅದಕ್ಕೆ 4096 ಎಂದು ಕೈಯಾರೆ ಬರೆದಿಡುವುದು ಎರಡು ನಿಮಿಷದ ಕೆಲಸ.

ಸ್ವಿಚ್ಚಿಗೆ ಸ್ವಿಚ್ಚು ಪೋಣಿಸುತ್ತ ಹೋಗುವುದಕ್ಕೂ ಮಿತಿಯಿದೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ 2002ರ ನವೆಂಬರಿನಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಂಡಿತು. ಸ್ಪ್ಯಾನಿಂಗ್ ಟ್ರೀಯ ಗಡುವುಗಳು ಒಂದು ತುದಿಯಿಂದ ಇನ್ನೊಂದಕ್ಕೆ ಏಳು ಪೆಟ್ಟಿಗೆ ಎಂಬ ಲೆಕ್ಕದಲ್ಲಿ ಕಟ್ಟಿದವು. ಬೆಳೆಯುತ್ತ ಬಂದ ಆ ಜಾಲ ಅದನ್ನು ಮೀರಿತ್ತು. ಜಾಲ ಕುಸಿದು, ಆಸ್ಪತ್ರೆ ಸುಮಾರು ನಾಲ್ಕು ದಿನ ಕಾಗದ ಪೆನ್ನಿಗೆ ಮರಳಬೇಕಾಯಿತು. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಮ್ಕ ಇದನ್ನು ಮುಚ್ಚಿಡದೆ, ಬೇರೆಯವರಿಗೆ ಪಾಠವಾಗಲೆಂದು ಬಹಿರಂಗವಾಗಿ ವಿವರಿಸಿದರು. ಆ ದೊಡ್ಡತನಕ್ಕಾಗಿ ಜಾಲ ಕಟ್ಟುವವರು ಅವರಿಗೆ ಋಣಿಗಳು.

ಎರಡು ತಂತಿ ಬೇಕೇಬೇಕು ಎನ್ನುವವರಿಗೆ ದಾರಿ ಬೇರೆ: ಎರಡನ್ನೂ ಕಟ್ಟಿ ಒಂದೇ ಎಂದು ಎರಡೂ ಸ್ವಿಚ್ಚಿಗೆ ಹೇಳುವುದು. ಇದರ ಬೀಜವೂ ಕಲ್ಪನಾ ಕಂಪನಿಯದೇ, 2000ದಲ್ಲಿ ಮಾನಕವಾಯಿತು. ಮೊದಲು ಎರಡೂ ಕಡೆ ಸೆಟ್ಟಿಂಗ್ ಬರೆಯಬೇಕು, ಎರಡನೇ ತಂತಿ ಸಿಕ್ಕಿಸುವುದು ಆಮೇಲೆ. ಒಂದು ಜೋಡಿ ಯಂತ್ರಗಳ ನಡುವಿನ ಒಂದು ಫೈಲು ಮಾತ್ರ ಆಗಲೂ ಒಂದೇ ತಂತಿಯಲ್ಲಿ ಹರಿಯುತ್ತದೆ, ಎರಡರಷ್ಟು ವೇಗ ಅದಕ್ಕೆ ಸಿಗದು. ನಿಜಕ್ಕೂ ಶಾಲೆಯ ಲ್ಯಾಬಿಗೆ ಇದು ಬೇಕಾಗುವುದೇ ಅಪರೂಪ. ಸರ್ವರೇ ಒಂದು ಗಿಗಾಬಿಟ್ ಪೋರ್ಟಿನಲ್ಲಿದ್ದರೆ, ನಡುವಿನ ತಂತಿಯನ್ನು ದಪ್ಪ ಮಾಡಿ ಫಲವಿಲ್ಲ. ಇಪ್ಪತ್ತು ಮಕ್ಕಳು ಒಟ್ಟಿಗೆ ಫೈಲು ಕೇಳಿದಾಗ ತಲಾ 50 ಮೆಗಾಬಿಟ್ ಬರುವುದು ಸರ್ವರಿನ ಬಾಗಿಲು ಅಷ್ಟೇ ಅಗಲವಿರುವುದರಿಂದ.

ಕೇಬಲ್ಲಿನ ವಿಷಯದಲ್ಲಿ ಈ ಅಂಕಣದ ಹಟ ಸ್ವಲ್ಪ ಹೆಚ್ಚು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, ನಾಲ್ಕರಲ್ಲೂ ಎರಡೂ ದಿಕ್ಕಿನ ಮಾತು. ನೀಲಿಯದೋ ಕಂದಿನದೋ ಒಂದು ಎಳೆ ಕ್ರಿಂಪ್ ಮಾಡುವಾಗ ಕಚ್ಚದಿದ್ದರೆ ಕೊಂಡಿ ಕೂಡುವುದಿಲ್ಲ, ಇಲ್ಲವೇ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೀಪ ಉರಿಯುತ್ತಿರುತ್ತದೆ, ಬಣ್ಣ ಬೇರೆ. ಆ ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕೈಪಿಡಿ ನೋಡಲೇಬೇಕು. ಬೆಂಗಳೂರಿನ ಎಸ್‌ಪಿ ರೋಡಾಗಲಿ, ಜಿಲ್ಲಾ ಕೇಂದ್ರದ ಅಂಗಡಿಯಾಗಲಿ, 305 ಮೀಟರಿನ ಪೆಟ್ಟಿಗೆ ಕೊಳ್ಳುವಾಗ ಎತ್ತಿ ನೋಡಬೇಕು. ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಲೇಪಿಸಿದ ಕೇಬಲ್ಲು ಹಗುರ, ಬೆಲೆಯೂ ಕಡಿಮೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿಬಣ್ಣ ಕಾಣುತ್ತದೆ. ಅಪ್ಪಟ ತಾಮ್ರಕ್ಕಿಂತ ಅದಕ್ಕೆ ವಿದ್ಯುತ್ ರೋಧ ಹೆಚ್ಚು, ನಾಲ್ಕು ಸಲ ಬಾಗಿಸಿದರೆ ಮುರಿಯುವ ಸ್ವಭಾವ. ಜೋಡಿಗಳ ಹೆಣಿಗೆಯನ್ನು ತುದಿಯಲ್ಲಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಒಟ್ಟು ಉದ್ದ 100 ಮೀಟರು ದಾಟಬಾರದು.

ಎರಡು ಸ್ವಿಚ್ಚುಗಳು ಎರಡು ಕಟ್ಟಡಗಳಲ್ಲಿದ್ದರೆ ತಾಮ್ರವನ್ನೇ ಬಿಡುವುದು ಲೇಸು. ಮಲೆನಾಡು, ಕರಾವಳಿಗಳಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಅಂಗಳ ದಾಟಿದ ಲ್ಯಾನ್ ಕೇಬಲ್ಲು ಎರಡೂ ಕಡೆಯ ಪೆಟ್ಟಿಗೆಗಳನ್ನು ಸುಡಬಲ್ಲದು. ಎರಡು ಕಟ್ಟಡಗಳ ಅರ್ಥಿಂಗಿನ ವ್ಯತ್ಯಾಸವೂ ಆ ತಂತಿಯಲ್ಲೇ ಹರಿಯಲು ಹವಣಿಸುತ್ತದೆ. ಗಾಜಿನ ಫೈಬರಿನಲ್ಲಿ ವಿದ್ಯುತ್ತು ಹರಿಯದು. ಲೋಹದ ಕವಚವಿಲ್ಲದ್ದನ್ನು ಆರಿಸಿದರಾಯಿತು. ಕ್ರಾಸ್ ಕೇಬಲ್ಲಿನ ಹಳೆಯ ನಿಯಮ ಇಲ್ಲಿ ಮತ್ತೆ ಜೀವ ತಾಳುತ್ತದೆ: ಇತ್ತ ಬೆಳಕು ಬಿಡುವ ಎಳೆ ಅತ್ತ ಬೆಳಕು ನೋಡುವ ತೂತಿಗೇ ಹೋಗಬೇಕು. ಒಂದೇ ಎಳೆಯಲ್ಲಿ ಎರಡೂ ದಿಕ್ಕಿನ ಕೆಲಸ ಮಾಡುವ ಮಾಡ್ಯೂಲುಗಳಾದರೆ ಜೋಡಿಯಾಗಿಯೇ ಕೊಳ್ಳಬೇಕು. ಒಂದು ಬಿಡುವ ಬಣ್ಣದ ಬೆಳಕನ್ನು ಇನ್ನೊಂದು ಓದುವಂತಿರಬೇಕು.

ಎಲ್ಲ ಸರಿಯಿದ್ದೂ ಮಾತು ನಡೆಯದಿದ್ದರೆ ಐಪಿ ವಿಳಾಸಗಳನ್ನು ನೋಡಬೇಕು. ಒಂದು ಕೋಣೆಯಲ್ಲಿ 192.168.1, ಇನ್ನೊಂದರಲ್ಲಿ 192.168.0 ಎಂದಿದ್ದರೆ ಸ್ವಿಚ್ಚು ಏನೂ ಮಾಡಲಾರದು. ಮನೆಗಳಲ್ಲಿ ಇದಕ್ಕೆ ಮಾಮೂಲಿ ಕಾರಣ, ಹಳೆಯ ವೈಫೈ ರೂಟರನ್ನೇ ಎರಡನೇ ಸ್ವಿಚ್ಚಾಗಿ ಬಳಸುವುದು. ಅದು ತಾನೂ ವಿಳಾಸ ಹಂಚತೊಡಗುತ್ತದೆ. ಆ ಹಂಚಿಕೆಯನ್ನು, ಅಂದರೆ ಅದರ ಡಿಎಚ್‌ಸಿಪಿಯನ್ನು, ನಿಲ್ಲಿಸಿ, ಅದರ ಸ್ವಂತ ವಿಳಾಸ ಮುಖ್ಯ ರೂಟರಿನದಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ವ್ಯಾನ್ ಪೋರ್ಟು ಬಿಟ್ಟು ಲ್ಯಾನ್ ಪೋರ್ಟಿಗೆ ತಂತಿ ಹಾಕಿದರೆ ಅದೂ ಒಳ್ಳೆಯ ಸ್ವಿಚ್ಚೇ. ವಿಎಲ್ಯಾನ್ ಮಾಡಿ ಶಾಲೆಯ ಕಚೇರಿಯನ್ನೂ ಮಕ್ಕಳನ್ನೂ ಬೇರ್ಪಡಿಸಿದ್ದರೆ, ನಡುವಿನ ತಂತಿ ಟ್ರಂಕ್ ಆಗಬೇಕು. ಪ್ರತಿ ಫ್ರೇಮಿಗೂ ಯಾವ ಗುಂಪಿನದೆಂಬ ನಾಲ್ಕು ಬೈಟಿನ ಚೀಟಿ ಅಂಟಿಸುವ ಆ ಕ್ರಮಕ್ಕೆ ಎರಡೂ ತುದಿಯ ಒಪ್ಪಿಗೆ ಬೇಕು. ಒಂದು ಕಡೆ ಮರೆತರೆ ಕೊಂಡಿಯ ದೀಪ ಉರಿಯುತ್ತಲೇ ಇರುತ್ತದೆ, ಒಂದು ಗುಂಪು ಮಾತ್ರ ಕಾಣೆಯಾಗಿರುತ್ತದೆ.

ಸೆಟ್ಟಿಂಗ್ ತೆರೆಯಬಲ್ಲ ಸ್ವಿಚ್ಚಿದ್ದರೆ ಅದರ ಮ್ಯಾಕ್ ಪಟ್ಟಿಯನ್ನೊಮ್ಮೆ ನೋಡುವ ಸುಖವನ್ನು ತಪ್ಪಿಸಿಕೊಳ್ಳಬಾರದು. 1ರಿಂದ 22ರವರೆಗೆ ಪೋರ್ಟಿಗೊಂದು ವಿಳಾಸ, 24ರ ಮುಂದೆ ಮಾತ್ರ ಇಡೀ ಪಕ್ಕದ ಕೋಣೆ. ಆಗ ಯಾರಾದರೂ ಆ ಕೋಣೆಯ ಲ್ಯಾಪ್‌ಟಾಪೊಂದನ್ನು ತಂದು ಇಲ್ಲಿ 12ನೇ ಪೋರ್ಟಿಗೆ ಸಿಕ್ಕಿಸಲಿ. ಅದು ವಿಳಾಸ ಕೇಳಲು ಮೊದಲ ಫ್ರೇಮು ಬಿಟ್ಟಿದ್ದೇ, ಪಟ್ಟಿಯಲ್ಲಿ 24ರ ಮುಂದಿದ್ದ ಸಾಲೊಂದು 12ಕ್ಕೆ ಸರಿದಿರುತ್ತದೆ.