ದತ್ತ ಮಂಡಲದ ಮನ್ರೋ: ತಡವಾಗಿ ಬಂದ ರಿಯಾಯಿತಿ

ಥಾಮಸ್ ಮನ್ರೋ ಕಾಲರಾ ತಗುಲಿ ತೀರಿಕೊಂಡದ್ದು ಪತ್ತಿಕೊಂಡದಲ್ಲಿ, 1827ರ ಜುಲೈ 6ರಂದು. ಮದ್ರಾಸಿನ ಗವರ್ನರಾಗಿದ್ದವನು ಸ್ವದೇಶಕ್ಕೆ ಮರಳುವ ಮುನ್ನ, ಹಿಂದೆ ತಾನು ಕಲೆಕ್ಟರಾಗಿದ್ದ ಸೀಮೆಯನ್ನು ಇನ್ನೊಮ್ಮೆ ನೋಡಲು ಬಂದಿದ್ದ. ಅವನ ನೆನಪಿಗೆ ಅಲ್ಲಿ ಬಾವಿ ತೋಡಿಸಿದರು, ತೋಪು ನೆಡಿಸಿದರು. ಈ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರಿದ್ದರು. ಮಂತ್ರಾಲಯದ ಮಠದ ಜಮೀನಿನ ವಿಚಾರಣೆಗೆ ಹೋದವನೊಡನೆ ರಾಯರೇ ಮಾತಾಡಿದರೆಂಬ ಕಥೆ ಇಂದಿಗೂ ಭಕ್ತರ ಬಾಯಲ್ಲಿದೆ. ಇಷ್ಟು ಅಕ್ಕರೆ ಪಡೆದ ಬೇರೊಬ್ಬ ಕಂಪನಿ ಅಧಿಕಾರಿಯನ್ನು ನಾನು ಕಾಣೆ. ಅದಕ್ಕೇ ಅವನ ಕೆಲಸವನ್ನು ಒರೆಗೆ ಹಚ್ಚಿ ನೋಡಬೇಕು.

1800ರಲ್ಲಿ ನಿಜಾಮ, ಮುಂದೆ ದತ್ತ ಮಂಡಲ ಎನಿಸಿದ ಬಳ್ಳಾರಿ, ಆದವಾನಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ತನ್ನ ಕಾವಲಿಗಿದ್ದ ಕಂಪನಿ ಪಡೆಯ ಖರ್ಚಿಗೆ ಅದೇ ಸಂದಾಯ. ಸುಮಾರು 80 ಪಾಳೆಯಗಾರರಿದ್ದ ಆ ನಾಡಿನಲ್ಲಿ ಮನ್ರೋ ಏಳು ವರ್ಷ ಡೇರೆಯಿಂದ ಡೇರೆಗೆ ತಿರುಗಿದ. ಪಾಳೆಯಗಾರರ ಬಲ ಮುರಿದ. ಹೊಲ ಹೊಲ ಅಳೆಸಿ, ನಡುವೆ ಯಾರೂ ಇಲ್ಲದಂತೆ ರೈತನ ಹೆಸರಿಗೇ ಕಂದಾಯ ಕಟ್ಟಿದ. ರೈತವಾರಿ ಪದ್ಧತಿ ಬೇರೂರಿದ್ದು ಇಲ್ಲಿ. ಜಮೀನ್ದಾರನ ಕೈಕೆಳಗೆ ಬೀಳದೆ ಒಕ್ಕಲಿಗನೊಬ್ಬ ಸರ್ಕಾರದ ಲೆಕ್ಕದಲ್ಲಿ ಹೆಸರು ಪಡೆದದ್ದು ಸಣ್ಣ ಮಾತಲ್ಲ.

ಆದರೆ ದರ? ಬೆಳೆದ ಫಸಲಿನಲ್ಲಿ ಸುಮಾರು ಶೇ. 45. ಮಳೆಯನ್ನೇ ನಂಬಿದ ಎರೆ ಹೊಲದಲ್ಲಿ, ಬರ ತಪ್ಪದ ಸೀಮೆಯಲ್ಲಿ, ಅಷ್ಟು ಕೊಟ್ಟ ಮೇಲೆ ಕಣಜಕ್ಕೆ ಉಳಿಯುವುದೇನು? 1801ರಲ್ಲೇ ತೆರ್ನೇಕಲ್ ಗ್ರಾಮ ಕಂದಾಯದ ವಿರುದ್ಧ ಎದ್ದು ನಿಂತಿತ್ತು. ಕಂಪನಿ ಸೈನ್ಯ ಅಲ್ಲಿನ ಕೋಟೆಯನ್ನು ಒಡೆಯಿತು.

ಮನ್ರೋ ತನ್ನ ತಪ್ಪನ್ನು ಕಂಡುಕೊಂಡ ಎಂಬುದೇ ಅವನ ದೊಡ್ಡತನ. 1807ರಲ್ಲಿ ಇಲ್ಲಿಂದ ಹೊರಡುವಾಗ ಕಂದಾಯ ಕಾಲು ಭಾಗ ಇಳಿಯಲಿ, ಬೇಡವಾದ ಹೊಲ ಬಿಡುವ ಹಕ್ಕು ರೈತನಿಗಿರಲಿ ಎಂದು ಬರೆದ. ಮೇಲಿನವರು ಕಿವಿಗೊಡಲಿಲ್ಲ. ಊರೂರನ್ನೇ ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಮನ್ರೋ ಗವರ್ನರಾಗಿ ಬಂದ 1820ರಲ್ಲಷ್ಟೇ ಆ ರಿಯಾಯಿತಿ ಜಾರಿಗೆ ಬಂತು. ನಡುವಿನ ಹದಿಮೂರು ವರ್ಷದ ಹೊರೆಗೆ ಮದ್ರಾಸಿನ ಕಚೇರಿಯಷ್ಟೇ ಹೊಣೆಯಲ್ಲ. ಮೊದಲ ದರ ಕಟ್ಟಿದ ಕೈ ಮನ್ರೋದೇ.

ಪತ್ತಿಕೊಂಡದ ಬಾವಿ ನೋಡಲು ಹೋದವರು ದಯವಿಟ್ಟು ತೆರ್ನೇಕಲ್ಲಿಗೂ ಹೋಗಿ ಬನ್ನಿ.